ಹಿತ್ತಲ ಟೊಮೆಟೊ ಮತ್ತು ಬೇರುಗಂಟು

ತಾಳಗುಪ್ಪದ ಕಡೆಯ ಹಿತ್ತಲುಗಳಲ್ಲಿ ಮಳೆಗಾಲ ಕಳೆದ ಮೇಲೆ ಊರಿದ ಟೊಮೆಟೊ ಗಿಡವು, ನೀರಿಗೆ ಕೊರತೆಯಿಲ್ಲದಿದ್ದರೂ ನಡುಹಗಲಿನಲ್ಲಿ ಬಾಡಿ, ಸಂಜೆಗೆ ಚೇತರಿಸಿಕೊಂಡು, ದಿನೇ ದಿನೇ ಹಳದಿಗೆ ತಿರುಗುತ್ತಿದ್ದರೆ, ಗೊಬ್ಬರದ ಬುಟ್ಟಿಯನ್ನು ಹೊತ್ತು ತರುವ ಮೊದಲು ಒಂದು ಗಿಡವನ್ನು ಕಿತ್ತು ಬೇರು ತೊಳೆದು ನೋಡತಕ್ಕದ್ದು. ನವಿರಾದ ಬೇರುಗಳೆಲ್ಲ ಜಪಮಾಲೆಯಂತೆ ಗಂಟುಗಂಟಾಗಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೃತ್ಯ. ಅರ್ಧ ಮಿಲಿಮೀಟರಿನಷ್ಟೂ ಉದ್ದವಿಲ್ಲದ ಇದರ ಮರಿ ಬೇರಿನ ತುದಿಯಲ್ಲಿ ಒಳನುಗ್ಗಿ, ಕೆಲವು ಜೀವಕೋಶಗಳನ್ನು ಹಿಗ್ಗಿಸಿ ದೈತ್ಯಾಕಾರಕ್ಕೆ ತಂದು, ಅವುಗಳ ರಸವನ್ನುಂಡು ಅಲ್ಲಿಯೇ ನೆಲಸುತ್ತದೆ; ಒಂದೊಂದು ಹೆಣ್ಣೂ ನೂರಾರು ಮೊಟ್ಟೆಗಳನ್ನಿಡುತ್ತದೆ.

ಇದಕ್ಕೆ ಪ್ರತೀಕಾರ ದೊರೆತದ್ದು ಪೆರು ದೇಶದ ಕಾಡು ಟೊಮೆಟೊದಲ್ಲಿ. ಅದನ್ನು ನಾಟಿ ಟೊಮೆಟೊದೊಡನೆ ಸಂಕರಿಸಿದರೆ ಬೀಜವೇ ಬಲಿಯುತ್ತಿರಲಿಲ್ಲವಾಗಿ, ಕ್ಯಾಲಿಫೋರ್ನಿಯದ ಪಾಲ್ ಸ್ಮಿತ್ ಎಂಬವರು ಎಳೆಯ ಭ್ರೂಣವನ್ನೇ ಬಿಡಿಸಿ, ಪೋಷಕ ದ್ರವ್ಯವಿತ್ತು ಬೆಳೆಸಿ, 1944ರಲ್ಲಿ ಆ ವೃತ್ತಾಂತವನ್ನು ಪ್ರಕಟಿಸಿದರು. ಆ ಕಾಡು ಟೊಮೆಟೊದಿಂದ ಬಂದ, ‘ಎಂಐ’ ಎಂದು ಹೆಸರಾದ ನಿರೋಧಕ ವಂಶವಾಹಿಯನ್ನು 1998ರಲ್ಲಿ ಪ್ರತ್ಯೇಕಿಸಲಾಯಿತು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅರ್ಕಾ ವರದಾನ್ ಎಂಬ ನಿರೋಧಕ ಸಂಕರ ತಳಿಯನ್ನು ಕೊಟ್ಟಿದೆ.

ಎಂಐ ಉಳ್ಳ ಗಿಡ ಹುಳುವನ್ನು ಒಳಬಾರದಂತೆ ತಡೆಯುವುದಿಲ್ಲ. ಹುಳು ಬಾಯಿಟ್ಟ ಕೋಶಗಳನ್ನು ತಾನೇ ಸಾಯಗೊಡುತ್ತದೆ. ಉಣ್ಣಲು ಏನೂ ಉಳಿಯದ ಅತಿಥಿ ಬೆಳೆಯಲಾರದೆ ನಶಿಸುತ್ತದೆ. ಇದನ್ನು ತ್ಯಾಗವೆಂದು ಕೊಂಡಾಡುವ ಕವಿಹೃದಯದವರು ಇದ್ದಾರು. ನನಗೆ ಇದರಲ್ಲಿ ಕಾಣುವುದು ಬರಿಯ ಲೆಕ್ಕಾಚಾರ.

ಆದರೆ ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸನ್ನು ಮೀರಿತೆಂದರೆ ಈ ರಕ್ಷಣೆ ಕುಂದುತ್ತದೆ. ಬೀಜದ ಪೊಟ್ಟಣವನ್ನಷ್ಟೇ ನಂಬಿ, ಬೇಸಗೆಯಲ್ಲಿ ಪಾತಿಯನ್ನು ಬೋಳಾಗಿ ಬಿಸಿಲಿಗೊಡ್ಡುವುದು ಅವಿವೇಕ. ಮಲೆನಾಡಿನಲ್ಲಿ ತರಗೆಲೆಯ ದರಕಿಗೇನು ಬರ? ಬುಡಕ್ಕೆ ದಪ್ಪನಾಗಿ ಹೊದಿಸಿದರೆ ಮಣ್ಣು ತಂಪಾಗಿರುತ್ತದೆ. ಇದ್ದಕ್ಕಿದ್ದಂತೆ, ಎಲೆ ಹಸುರಾಗಿರುವಾಗಲೇ ಸೊರಗಿ ಬೀಳುವ ಗಿಡದ ಮಾತು ಬೇರೆ. ಅದರ ಕಾಂಡವನ್ನು ಕತ್ತರಿಸಿ ನೀರಿನ ಲೋಟದಲ್ಲಿ ಇಳಿಬಿಟ್ಟಾಗ ಹಾಲಿನೆಳೆಯಂತೆ ದ್ರವ ಒಸರಿದರೆ ಅದು ಬ್ಯಾಕ್ಟೀರಿಯದ ಸೊರಗು ರೋಗ. ಅದಕ್ಕೆ ಎಂಐ ನಿರುಪಯುಕ್ತ. ಹೆಸರಘಟ್ಟದ್ದೇ ಅರ್ಕಾ ಆಭಾ ಬೇಕು.

ಭತ್ತ ಕೊಯ್ದ ಗದ್ದೆಯಲ್ಲಿ ಟೊಮೆಟೊ ಬೆಳೆಯುವವರಿಗಂತೂ ಬೇರುಗಂಟಿನ ಚಿಂತೆ ಕಡಿಮೆ. ಗಂಟು ಕಟ್ಟುವ ಈ ಹುಳು ತಿಂಗಳುಗಟ್ಟಲೆ ನಿಂತ ನೀರನ್ನು ತಾಳಲಾರದು. ದುಬಾರಿ ನಿರೋಧಕ ಬೀಜವನ್ನು ಕೊಳ್ಳಬೇಕಾದವರು, ಅದೇ ಪಾತಿಯಲ್ಲಿ ವರ್ಷ ವರ್ಷವೂ ಬದನೆ, ಮೆಣಸಿನಕಾಯಿ, ಟೊಮೆಟೊ ಎಂದು ಒಂದೇ ಕುಲದ ಗಿಡಗಳನ್ನು ಊರುತ್ತಿರುವ ಹಿತ್ತಲಿನವರು.