ಅಡಿಟಿಪ್ಪಣಿಯಿಲ್ಲದ ಸಂಪಾದನೆ: ಹಳೆಯ ವಿಡಿಯೊ ಆಟಗಳ ಮರುಬಿಡುಗಡೆ ಮತ್ತು ಪ್ರಾದೇಶಿಕ ಪಾಠಗಳು

ಟಿವಿಗೆ ಜೋಡಿಸಿ ಆಡುವ ಹಳೆಯ ಕನ್ಸೋಲ್‌ಗಳ ಆಟಗಳನ್ನು ಅವುಗಳ ತಯಾರಕರೇ ಕಳೆದ ಎರಡು ದಶಕಗಳಲ್ಲಿ ಮತ್ತೆ ಮತ್ತೆ ಮಾರುಕಟ್ಟೆಗೆ ತಂದಿದ್ದಾರೆ. ಈ ಮರುಬಿಡುಗಡೆಗಳ ಕುರಿತ ವಿಮರ್ಶೆ ಬಹುಮಟ್ಟಿಗೆ ಚಿತ್ರದ ಸ್ಪಷ್ಟತೆ, ಆಟದ ವೇಗ, ಆಟಗಳ ಪಟ್ಟಿ ಇವುಗಳಿಗೆ ಸೀಮಿತವಾಗಿದೆ. ಆದರೆ 1980 ಮತ್ತು 1990ರ ದಶಕಗಳ ಜಪಾನಿನ ಕಥನಪ್ರಧಾನ ಆಟಗಳಲ್ಲಿ ಆಡುವವರು ಓದಬೇಕಾದ ಪಠ್ಯ ಗಣನೀಯ ಪ್ರಮಾಣದಲ್ಲಿದೆ. ಆ ಪಠ್ಯ ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಬೇರೆ ರೂಪ ಪಡೆದಿತ್ತು. ಮರುಬಿಡುಗಡೆ ಮಾಡುವವರು ಈ ರೂಪಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಡುತ್ತಾರೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದು ಪಾಠನಿರ್ಣಯ. ಮರುಬಿಡುಗಡೆ ಎಂಬುದು ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ಸಂಪಾದನೆ, ಆದರೆ ಪಾಠಾಂತರಗಳನ್ನು ದಾಖಲಿಸದ ಸಂಪಾದನೆ ಎಂಬುದು ನಮ್ಮ ವಾದ.

1. ಹೆಸರು, ಸಂಖ್ಯೆ, ಪ್ರತ್ಯಯ

ಜಪಾನಿನಲ್ಲಿ 1994ರಲ್ಲಿ ‘ಫೈನಲ್ ಫ್ಯಾಂಟಸಿ 6’ ಎಂದು ಪ್ರಕಟವಾದ ಆಟ ಅದೇ ವರ್ಷ ಅಮೆರಿಕದಲ್ಲಿ ‘ಫೈನಲ್ ಫ್ಯಾಂಟಸಿ 3’ ಎಂಬ ಹೆಸರಿನಲ್ಲಿ ಬಂತು. ಸರಣಿಯ ಎರಡು, ಮೂರು ಮತ್ತು ಐದನೆಯ ಆಟಗಳು ಅಲ್ಲಿಗೆ ಆಗ ಹೋಗಿರಲಿಲ್ಲವಾದ್ದರಿಂದ ಎಣಿಕೆಯೇ ಬೇರೆಯಾಯಿತು. ಟೆಡ್ ವೂಲ್ಸಿ ಮಾಡಿದ ಆ ಇಂಗ್ಲಿಷ್ ಅನುವಾದದಲ್ಲಿ ಎರಡು ಬಗೆಯ ಒತ್ತಡಗಳು ಎದ್ದು ಕಾಣುತ್ತವೆ.

ಮೊದಲನೆಯದು ಸ್ಥಳದ ಒತ್ತಡ. ಜಪಾನಿ ಮೂಲದಲ್ಲಿ ಬೆಂಕಿಯ ಮಂತ್ರದ ಮೂರು ಹಂತಗಳು ‘ಫೈಯಾ’, ‘ಫೈರಾ’, ‘ಫೈಗಾ’. ‘ರಾ’, ‘ಗಾ’ ಎಂಬ ಅಂತ್ಯಗಳು ಮಂಜು, ಮಿಂಚುಗಳ ಮಂತ್ರಗಳಿಗೂ ಹತ್ತುತ್ತವೆ. ಅಂದರೆ ಇಲ್ಲಿ ತಾರತಮ್ಯವನ್ನು ಸೂಚಿಸುವ ಒಂದು ಕೃತಕ ಪ್ರತ್ಯಯವ್ಯವಸ್ಥೆಯೇ ಇದೆ. ಜಪಾನಿಯಲ್ಲಿ ಮೂರು ನಾಲ್ಕು ಕಾನಾ ಅಕ್ಷರಗಳಲ್ಲಿ ಮುಗಿಯುವ ಪದಕ್ಕೆ ರೋಮನ್ ಲಿಪಿಯಲ್ಲಿ ಹೆಚ್ಚು ಜಾಗ ಬೇಕು. 1994ರ ಇಂಗ್ಲಿಷ್ ಪಾಠ ಪ್ರತ್ಯಯಗಳನ್ನು ಕೈಬಿಟ್ಟು ‘ಫೈರ್ 2’, ‘ಫೈರ್ 3’ ಎಂದು ಅಂಕಿಗಳನ್ನು ಹಚ್ಚಿತು. ಅರ್ಥ ಉಳಿಯಿತು, ಪದರಚನೆ ಹೋಯಿತು.

ಎರಡನೆಯದು ನೀತಿಯ ಒತ್ತಡ. ನಿಂಟೆಂಡೊ ಕಂಪನಿಯ ಅಮೆರಿಕದ ಶಾಖೆ ಆ ಕಾಲದಲ್ಲಿ ಧಾರ್ಮಿಕ ಉಲ್ಲೇಖಗಳನ್ನು ಆಟಗಳಿಂದ ತೆಗೆಸುತ್ತಿತ್ತು. ಹಾಗಾಗಿ ಜಪಾನಿ ಆಟದ ‘ಹೋರೀ’ ಎಂಬ ಮಂತ್ರ ಅಮೆರಿಕದಲ್ಲಿ ‘ಪರ್ಲ್’ ಆಯಿತು. ‘ಹೋರೀ’ ಎಂಬುದು ‘ಹೋಲಿ’ ಎಂಬ ಇಂಗ್ಲಿಷ್ ಪದದ ಜಪಾನಿ ಉಚ್ಚಾರಣೆ. ಇಂಗ್ಲಿಷಿನಿಂದ ಜಪಾನಿಗೆ ಸಲೀಸಾಗಿ ಎರವಲು ಹೋದ ಪದಕ್ಕೆ ಇಂಗ್ಲಿಷ್ ಪಾಠದೊಳಗೇ ಪ್ರವೇಶ ಸಿಗಲಿಲ್ಲ.

2. ಕಾಲಕ್ರಮ ಹಿಂದುಮುಂದಾದದ್ದು

ಅಮೆರಿಕದಲ್ಲಿ 2007ರಲ್ಲಿ ಇದೇ ಆಟ ಗೇಮ್‌ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಹೊಸ ಅನುವಾದದೊಂದಿಗೆ ಬಂತು. ಸಂಖ್ಯೆ ಆರಕ್ಕೆ ಮರಳಿತು, ‘ಪರ್ಲ್’ ಹೋಗಿ ‘ಹೋಲಿ’ ಬಂತು, ಅಂಕಿಗಳ ಜಾಗದಲ್ಲಿ ‘ಫೈರಾ’, ‘ಫೈರಾಗಾ’ ಎಂಬ ಪ್ರತ್ಯಯಾಂತ ರೂಪಗಳು ಕಾಣಿಸಿಕೊಂಡವು. ಆದರೆ 2017ರಲ್ಲಿ ನಿಂಟೆಂಡೊ 21 ಆಟಗಳನ್ನು ತುಂಬಿ ಹೊರತಂದ ಸೂಪರ್ ಎನ್‌ಇಎಸ್ ಕ್ಲಾಸಿಕ್ ಎಂಬ ಪುಟ್ಟ ಯಂತ್ರದಲ್ಲಿ ಮತ್ತೆ ‘ಫೈನಲ್ ಫ್ಯಾಂಟಸಿ 3’, ಮತ್ತೆ ‘ಪರ್ಲ್’. ಅದೇ ವರ್ಷ ಜಪಾನಿನಲ್ಲಿ ಬಂದ ಸೋದರಯಂತ್ರದಲ್ಲಿ ಅದು ಎಂದಿನಂತೆ ಆರನೆಯದು.

1994ರ ಪಾಠವನ್ನು ಮತ್ತೆ ಕೊಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಅದು ಒಂದು ಪೀಳಿಗೆ ಓದಿದ ಪಾಠ. ಆ ದಶಕದ ಇಂಗ್ಲಿಷ್ ಅನುವಾದದ ಇತಿಹಾಸಕ್ಕೆ ಆಕರ. ಆದರೆ ಹತ್ತು ವರ್ಷ ಮೊದಲೇ ತಿದ್ದಿದ ಪಾಠವೊಂದು ಇದ್ದಾಗಲೂ ಹಳೆಯದನ್ನೇ ಆರಿಸಿದ್ದು ಒಂದು ನಿರ್ಣಯ. ಆಟವೇ ಆ ನಿರ್ಣಯವನ್ನು ಓದುಗನಿಗೆ ತಿಳಿಸುವುದಿಲ್ಲ. ಪರಿಣಾಮವಾಗಿ ‘ಪರ್ಲ್’ ಎಂಬ ರೂಪ ಕಂಡ ಮಾತ್ರಕ್ಕೆ ಪ್ರತಿ ಹಳೆಯದೆಂದೂ ‘ಹೋಲಿ’ ಕಂಡ ಮಾತ್ರಕ್ಕೆ ಹೊಸದೆಂದೂ ನಿರ್ಧರಿಸಲು ಬರುವುದಿಲ್ಲ.

3. ಅನುವಾದದಿಂದ ಮೂಲಕ್ಕೆ

ಮೂಲವು ಸ್ಥಿರ, ಅನುವಾದಗಳು ಮಾತ್ರ ಚರ ಎಂಬ ಊಹೆಯೂ ಇಲ್ಲಿ ನಿಲ್ಲುವುದಿಲ್ಲ. 1989ರಲ್ಲಿ ಜಪಾನಿನಲ್ಲಿ ಬಂದ ‘ಮದರ್’ ಎಂಬ ಆಟಕ್ಕೆ 1990ರ ಹೊತ್ತಿಗೆ ಇಂಗ್ಲಿಷ್ ಪಾಠ ಸಿದ್ಧವಾಗಿತ್ತು. ಅದಕ್ಕಾಗಿ ಆಟದಲ್ಲೇ ಹಲವು ಬದಲಾವಣೆಗಳನ್ನು ಮಾಡಿ, ಮುಕ್ತಾಯವನ್ನೂ ಹಿಗ್ಗಿಸಲಾಗಿತ್ತು. ಆ ಇಂಗ್ಲಿಷ್ ಪಾಠ ಬೆಳಕು ಕಂಡದ್ದು 25 ವರ್ಷಗಳ ನಂತರ, 2015ರಲ್ಲಿ, ‘ಅರ್ಥ್‌ಬೌಂಡ್ ಬಿಗಿನಿಂಗ್ಸ್’ ಎಂಬ ಹೆಸರಿನಲ್ಲಿ. ಆದರೆ ಇಂಗ್ಲಿಷಿಗಾಗಿ ಮಾಡಿದ ಬದಲಾವಣೆಗಳು ಅದಕ್ಕೂ ಮುಂಚೆ, 2003ರ ಜಪಾನಿ ಮರುಬಿಡುಗಡೆಯಾದ ‘ಮದರ್ 1+2’ರಲ್ಲಿ ಸೇರಿಕೊಂಡಿದ್ದವು. ಪ್ರಕಟವೇ ಆಗದ ಅನುವಾದವೊಂದು ಮೂಲವನ್ನು ತಿದ್ದಿತು. ಒಂದು ಶಾಖೆಯ ಪಾಠ ಇನ್ನೊಂದು ಶಾಖೆಯ ಓಲೆಗರಿಗೆ ನುಸುಳುವ ಪಾಠಸಾಂಕರ್ಯ ಗ್ರಂಥಸಂಪಾದಕರಿಗೆ ಹೊಸದಲ್ಲ.

4. ಕಳೆದುಹೋದ ಜರ್ಮನ್

ಇದುವರೆಗಿನ ಉದಾಹರಣೆಗಳಲ್ಲಿ ಒಂದೇ ಭಾಷೆಯ ಎರಡು ಪಾಠಗಳ ನಡುವೆ ಆಯ್ಕೆ ನಡೆದಿತ್ತು. ಸೂಪರ್ ಎನ್‌ಇಎಸ್ ಕ್ಲಾಸಿಕ್‌ನ ಯುರೋಪಿನ ಆವೃತ್ತಿಯಲ್ಲಿ ಭಾಷೆಗಳೇ ಬಿಟ್ಟುಹೋಗಿವೆ. ‘ಎ ಲಿಂಕ್ ಟು ದ ಪಾಸ್ಟ್’, ‘ಸೀಕ್ರೆಟ್ ಆಫ್ ಮಾನಾ’ ಎಂಬ ಆಟಗಳು 1990ರ ದಶಕದಲ್ಲಿ ಯುರೋಪಿಗೆ ಜರ್ಮನ್ ಮತ್ತು ಫ್ರೆಂಚ್ ಅನುವಾದಗಳಲ್ಲೂ ಬಂದಿದ್ದವು. 2017ರ ಯಂತ್ರದಲ್ಲಿರುವುದು ಅಮೆರಿಕದ ಪ್ರತಿಗಳು. ಆಟಗಳ ಪಠ್ಯವೆಲ್ಲ ಇಂಗ್ಲಿಷ್. ಹಳೆಯ ಯುರೋಪಿನ ಟಿವಿಗಳು ಸೆಕೆಂಡಿಗೆ 50 ಬಾರಿ ಚಿತ್ರ ಮೂಡಿಸುತ್ತಿದ್ದವು, ಅಮೆರಿಕ ಮತ್ತು ಜಪಾನಿನವು 60 ಬಾರಿ. ಹೀಗಾಗಿ ಸರಿಹೊಂದಿಸದ ಆಟಗಳು ಯುರೋಪಿನಲ್ಲಿ ಆರನೆಯ ಒಂದು ಭಾಗದಷ್ಟು ನಿಧಾನವಾಗಿ ಓಡುತ್ತಿದ್ದವು. ಅಮೆರಿಕದ ಪ್ರತಿಯಿಂದ ಸರಿಯಾದ ವೇಗ ಸಿಕ್ಕಿತು, ಭಾಷೆ ಹೋಯಿತು. ಬಾಲ್ಯದಲ್ಲಿ ಜರ್ಮನ್‌ನಲ್ಲಿ ಓದಿದ ಕಥೆ ಅದೇ ಹೆಸರಿನ ಅಧಿಕೃತ ಯಂತ್ರದಲ್ಲಿ ಆ ಭಾಷೆಯಲ್ಲಿ ಇಲ್ಲ.

2018ರ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ ಆಯ್ಕೆ ತಿರುವುಮುರುವಾಯಿತು: ಪಾಶ್ಚಾತ್ಯ ಆವೃತ್ತಿಯ 20 ಆಟಗಳಲ್ಲಿ 9 ಆಟಗಳು ಯುರೋಪಿನ 50ರ ವೇಗದ ಪ್ರತಿಗಳು, ಅವು ಅಮೆರಿಕದ ಯಂತ್ರದಲ್ಲೂ ಹಾಗೆಯೇ ಇದ್ದವು. ವೇಗದ ಬಗೆಗಿನ ದೂರು ಎಲ್ಲೆಡೆ ಕೇಳಿಬಂತು. ಜರ್ಮನ್ ಪಾಠದ ಲೋಪಕ್ಕೆ ಅಷ್ಟು ದೊಡ್ಡ ದನಿ ಸಿಗಲಿಲ್ಲ. ವಿಮರ್ಶೆಯ ಅಳತೆಗೋಲಿನಲ್ಲಿ ಭಾಷೆಗೆ ಜಾಗವೇ ಇಲ್ಲದಿರುವುದರ ಫಲ ಇದು.

5. ಭಾಷೆಯೇ ಪ್ರದೇಶವೆ?

ಸೆಗಾ ಕಂಪನಿಯ 2019ರ ಮೆಗಾ ಡ್ರೈವ್ ಮಿನಿ ಇದಕ್ಕಿಂತ ಉತ್ತಮ ಮಾದರಿ. ಅದರಲ್ಲಿ ಭಾಷೆಯ ಆಯ್ಕೆಯನ್ನು ಬದಲಿಸಿದರೆ ಆಟದ ಪ್ರಾದೇಶಿಕ ಪ್ರತಿಯೂ ಮುಖಚಿತ್ರವೂ ಬದಲಾಗುತ್ತವೆ. ‘ಸ್ಟ್ರೀಟ್ಸ್ ಆಫ್ ರೇಜ್ 2’ ಜಪಾನಿಯಲ್ಲಿ ‘ಬೇರ್ ನಕಲ್ 2’ ಆಗುತ್ತದೆ. ಸ್ಕೇಟ್ ಎಂಬ ಹುಡುಗನ ಹೆಸರು ಸ್ಯಾಮಿ ಆಗುತ್ತದೆ. ಪಾಠಾಂತರಗಳು ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಉಳಿದಿವೆ, ಹೋಲಿಸಿ ನೋಡಬಹುದು. ಆದರೂ ಇಲ್ಲಿ ‘ಭಾಷೆ’ ಎಂಬ ಹಣೆಪಟ್ಟಿಯ ಅಡಿಯಲ್ಲಿ ಬದಲಾಗುತ್ತಿರುವುದು ಮಾರುಕಟ್ಟೆ. ಒಂದು ಭಾಷೆಗೆ ಒಂದು ಪ್ರದೇಶ, ಒಂದು ಪ್ರದೇಶಕ್ಕೆ ಒಂದು ಪಾಠ ಎಂಬ ಸಮೀಕರಣ, ಒಂದೇ ಇಂಗ್ಲಿಷಿನಲ್ಲಿ ‘ಪರ್ಲ್’ ಮತ್ತು ‘ಹೋಲಿ’ ಎರಡೂ ಇರುವ ಸ್ಥಿತಿಯನ್ನು ವಿವರಿಸಲಾರದು.

6. ಉಪಸಂಹಾರ

ಡಿ. ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಕನ್ನಡದಲ್ಲಿ ಬೆಳೆಸಿದ ಗ್ರಂಥಸಂಪಾದನಾ ಶಾಸ್ತ್ರದ ಶಿಸ್ತು ಸರಳ: ಸ್ವೀಕರಿಸಿದ ಪಾಠ ಮೇಲೆ, ಬಿಟ್ಟ ಪಾಠಗಳು ಪುಟದ ಅಡಿಯಲ್ಲಿ, ಪ್ರತಿಗಳ ವಿವರ ಪೀಠಿಕೆಯಲ್ಲಿ. ಸಂಪಾದಕನ ನಿರ್ಣಯವನ್ನು ಒಪ್ಪದ ಓದುಗನಿಗೂ ಅದನ್ನು ಪ್ರಶ್ನಿಸುವ ಸಾಧನ ಅದೇ ಪುಟದಲ್ಲಿ ಸಿಗುತ್ತದೆ. ಮರುಬಿಡುಗಡೆಗಳಲ್ಲಿ ಇಲ್ಲದಿರುವುದು ಈ ಸೌಜನ್ಯ. ಯಾವ ವರ್ಷದ, ಯಾವ ಪ್ರದೇಶದ, ಯಾರ ಅನುವಾದ ಎಂಬ ಮೂರು ವಿವರಗಳನ್ನು ಆಟದ ಪರಿಚಯದಲ್ಲಿ ಸೇರಿಸಲು ಪ್ರಕಾಶಕರಿಗೆ ಹೆಚ್ಚಿನ ಶ್ರಮ ಬೇಡ.

ಅಲ್ಲಿಯವರೆಗೆ ಹೊಣೆ ಸಂಶೋಧಕರ ಮೇಲಿದೆ. ಅನುವಾದ, ಎರವಲು ಪದ, ಪದರಚನೆಗಳ ಅಧ್ಯಯನಕ್ಕೆ ಆಟಗಳ ಪಠ್ಯವನ್ನು ಆಕರವಾಗಿ ಬಳಸುವವರು ಆಟದ ಹೆಸರನ್ನಷ್ಟೇ ನಮೂದಿಸಿದರೆ ಸಾಲದು; ತಾವು ಓದಿದ ಯಂತ್ರ, ಪ್ರದೇಶ, ಬಿಡುಗಡೆಯ ವರ್ಷ ಮತ್ತು ಆರಿಸಿಕೊಂಡ ಭಾಷೆಯನ್ನು ಕೊಡಬೇಕು. ಯುರೋಪಿನ 2017ರ ಯಂತ್ರವೊಂದನ್ನೇ ಆಧರಿಸಿ ‘ಸೀಕ್ರೆಟ್ ಆಫ್ ಮಾನಾ’ದ ಯುರೋಪಿನ ಸ್ವೀಕಾರವನ್ನು ವಿವರಿಸಹೊರಟವರಿಗೆ, ಅಲ್ಲಿ ಜರ್ಮನ್ ಮತ್ತು ಫ್ರೆಂಚ್ ಪಾಠಗಳು ಎಂದಾದರೂ ಇದ್ದವೆಂಬ ಸುಳಿವೂ ದೊರೆಯುವುದಿಲ್ಲ.