ಭಯಾನಕರಸವೂ ಹ್ಯಾಮರ್ ಚಿತ್ರಶಾಲೆಯೂ

ರಸಗಳಲ್ಲಿ ಭಯಾನಕಕ್ಕೆ ನಮ್ಮ ಆಲಂಕಾರಿಕರು ಕೊಟ್ಟಿರುವ ಎಡೆಯು ಬಹು ಸಂಕುಚಿತವಾದುದು. ಶೃಂಗಾರವೀರಗಳು ನಾಟಕದಲ್ಲಿ ಅಂಗಿಗಳಾಗಿ ನಿಲ್ಲುವುವು; ಭಯಾನಕವಾದರೋ ಪ್ರಾಯಿಕವಾಗಿ ಅಂಗವಾಗಿ ಬಂದು ತನ್ನ ಕೆಲಸವನ್ನು ತೀರಿಸಿ ಹೊರಟುಹೋಗತಕ್ಕದ್ದು. ಮಾಲತೀಮಾಧವದ ಐದನೆಯ ಅಂಕದಲ್ಲಿ ಬರುವ ಶ್ಮಶಾನವು ಎಷ್ಟೇ ಘೋರವಾಗಿದ್ದರೂ ಅದರ ಪ್ರಯೋಜನವು ಮಾಧವನ ಅನುರಾಗದ ದಾರ್ಢ್ಯವನ್ನು ತೋರಿಸುವುದೇ ಆಗಿದೆ. ಭಯಾನಕವನ್ನೇ ಅಂಗಿಯನ್ನಾಗಿ ಮಾಡಿ, ಕೃತಿಯಾದ ಮೇಲೆ ಕೃತಿಯನ್ನು ರಚಿಸುತ್ತ ಹೋದರೆ ಆ ರಸವು ನಿಲ್ಲುವುದೆ, ಅಥವಾ ಸವೆದುಹೋಗುವುದೆ ಎಂಬ ಪ್ರಶ್ನೆಗೆ ನಮ್ಮ ಲಕ್ಷ್ಯಗ್ರಂಥಗಳಲ್ಲಿ ಸಾಕಾದಷ್ಟು ಉದಾಹರಣೆಗಳು ದೊರೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹ್ಯಾಮರ್ ಎಂಬ ಒಂದು ಸಣ್ಣ ಚಲಚ್ಚಿತ್ರಸಂಸ್ಥೆಯು 1957ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ಪ್ರಯೋಗವನ್ನೇ ನಡೆಸಿತು. ಅದು ಏಳ್ಗೆ ಹೊಂದಿದ ಬಗೆಯೂ ಕುಸಿದ ಬಗೆಯೂ ರಸಶಾಸ್ತ್ರವನ್ನು ಓದುವವರಿಗೆ ಉಪೇಕ್ಷಣೀಯವಲ್ಲ.

ಈ ಸಂಸ್ಥೆಯ ಮೂಲದಲ್ಲಿದ್ದುದು ಹಾಸ್ಯವೆಂಬುದು ವಿನೋದದ ಸಂಗತಿ. 1934ರಲ್ಲಿ ಇದನ್ನು ಸ್ಥಾಪಿಸಿದ ವಿಲಿಯಂ ಹೈಂಡ್ಸ್ ಎಂಬಾತನು ಆಭರಣದ ವ್ಯಾಪಾರಿ. ರಂಗದ ಮೇಲೆ ವಿಲ್ ಹ್ಯಾಮರ್ ಎಂಬ ಹೆಸರಿಟ್ಟುಕೊಂಡು ಹಾಸ್ಯಪಾತ್ರಗಳನ್ನು ಆಡುತ್ತಿದ್ದವನು. ಆ ರಂಗನಾಮವೇ ಸಂಸ್ಥೆಗೂ ಬಂದಿತು. ಮರುವರ್ಷ ಆತನು ಸ್ಪೇನ್ ದೇಶದಿಂದ ಬಂದು ಚಿತ್ರಮಂದಿರಗಳನ್ನು ನಡೆಸುತ್ತಿದ್ದ ಎನ್ರಿಕೆ ಕರೇರಸನೊಡನೆ ಕೂಡಿ ಎಕ್ಸ್‌ಕ್ಲೂಸಿವ್ ಎಂಬ ವಿತರಣಸಂಸ್ಥೆಯನ್ನು ತೆರೆದನು. 1937ರಲ್ಲಿ ನಿರ್ಮಾಣಸಂಸ್ಥೆಯು ಸಾಲದಿಂದ ಮುಚ್ಚಿತು, ವಿತರಣಸಂಸ್ಥೆಯು ಉಳಿಯಿತು. ಯುದ್ಧಾನಂತರ ಹ್ಯಾಮರ್ ಎಂಬ ಹೆಸರು ಮರಳಿ ಬಳಕೆಗೆ ಬಂದು 1949ರಲ್ಲಿ ಹೊಸದಾಗಿ ನೋಂದಣಿಯಾಯಿತು. ಆಗ ಕಾರ್ಯಭಾರವು ಎರಡನೆಯ ತಲೆಮಾರಿನ ಕೈಗೆ ಬಂದಿದ್ದಿತು: ಎನ್ರಿಕೆಯ ಮಗನಾದ ಜೇಮ್ಸ್ ಕರೇರಸನು ವ್ಯಾಪಾರವನ್ನೂ, ವಿಲಿಯಂ ಹೈಂಡ್ಸನ ಮಗನಾದ ಆಂಥೊನಿ ಹೈಂಡ್ಸನು ನಿರ್ಮಾಣವನ್ನೂ ನೋಡಿಕೊಂಡರು.

1951ರಲ್ಲಿ ಸಂಸ್ಥೆಯು ಥೇಮ್ಸ್ ನದಿಯ ದಡದಲ್ಲಿ, ಬ್ರೇ ಎಂಬ ಗ್ರಾಮದ ಹತ್ತಿರ, ಡೌನ್ ಪ್ಲೇಸ್ ಎಂಬ ಹಳೆಯ ದೊಡ್ಡ ಮನೆಯನ್ನು ಹಿಡಿಯಿತು. ಮನೆಯ ಕೋಣೆಗಳೇ ರಂಗಗಳಾದುವು. ಇಲ್ಲಿ ಒಂದು ಶಿಲ್ಪಿಗೋಷ್ಠಿಯು ಬೆಳೆಯಿತು: ನಿರ್ದೇಶಕ ಟೆರೆನ್ಸ್ ಫಿಷರ್, ಕಥಾಸಂವಾದಗಳನ್ನು ಬರೆದ ಜಿಮ್ಮಿ ಸ್ಯಾಂಗ್‌ಸ್ಟರ್, ಛಾಯಾಗ್ರಾಹಕ ಜ್ಯಾಕ್ ಆಶರ್, ರಂಗಸಜ್ಜಿಕೆಯ ಬರ್ನಾರ್ಡ್ ರಾಬಿನ್‌ಸನ್, ಸಂಗೀತದ ಜೇಮ್ಸ್ ಬರ್ನಾರ್ಡ್, ನಟರಲ್ಲಿ ಪೀಟರ್ ಕುಶಿಂಗ್ ಮತ್ತು ಕ್ರಿಸ್ಟೊಫರ್ ಲೀ. 1955ರಲ್ಲಿ, ದೂರದರ್ಶನದಲ್ಲಿ ಜನಪ್ರಿಯವಾಗಿದ್ದ ಒಂದು ಕಥೆಯನ್ನು ಚಿತ್ರವಾಗಿ ಮಾಡಿ, ಹದಿನಾರು ವರ್ಷಕ್ಕೆ ಕಡಮೆಯವರನ್ನು ಸೇರಿಸಕೂಡದೆಂಬ ‘ಎಕ್ಸ್’ ಪ್ರಮಾಣಪತ್ರದ ಅಕ್ಷರವನ್ನೇ ಶೀರ್ಷಿಕೆಯಲ್ಲಿ ಮೆರೆಸಿ, ‘ದಿ ಕ್ವೇಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಎಂದು ಹೊರಡಿಸಿದರು. ಅದರ ಜಯದಿಂದ ಸಂಸ್ಥೆಗೆ ತನ್ನ ಮಾರ್ಗವು ತಿಳಿಯಿತು.

1957ರ ‘ದಿ ಕರ್ಸ್ ಆಫ್ ಫ್ರಾಂಕನ್‌ಸ್ಟೈನ್’ ಎಂಬ ಚಿತ್ರಕ್ಕೆ ಬಿದ್ದ ವೆಚ್ಚವು ಸುಮಾರು 65,000 ಪೌಂಡು ಮಾತ್ರ. ಅಮೆರಿಕದ ಯೂನಿವರ್ಸಲ್ ಸಂಸ್ಥೆಯು ಇದೇ ಕಥೆಯನ್ನು 1931ರಲ್ಲಿ ತೆಗೆದು, ಕೃತಕಮಾನವನ ಮುಖದ ಆಕೃತಿಯ ಮೇಲೆ ತನ್ನ ಹಕ್ಕನ್ನು ಕಾದಿರಿಸಿಕೊಂಡಿದ್ದಿತು. ಆ ಮುಖವನ್ನು ಅನುಕರಿಸಲಾಗದ ಹ್ಯಾಮರ್ ಚಿತ್ರವು ಕಥೆಯ ಭಾರವನ್ನು ಸೃಷ್ಟಿಯಾದವನಿಂದ ತೆಗೆದು ಸೃಷ್ಟಿಸಿದವನ ಮೇಲೆ ಇರಿಸಿತು. ಮುಂದೆ ಕುಶಿಂಗನು ಒಟ್ಟು ಆರು ಚಿತ್ರಗಳಲ್ಲಿ ಬ್ಯಾರನ್ ಫ್ರಾಂಕನ್‌ಸ್ಟೈನನ ಪಾತ್ರವನ್ನು ವಹಿಸಿದನು; ಅವುಗಳಲ್ಲಿ ಐದು ಫಿಷರನವು. ಪ್ರತಿ ಚಿತ್ರದಲ್ಲಿಯೂ ಕೃತಕಮಾನವನು ಹೊಸಬನು. ಬ್ಯಾರನನು ಮಾತ್ರ ಅವನೇ.

ಇಲ್ಲಿ ಭರತಮುನಿಯ ವಿಭಾಗವು ಸಹಾಯಕ್ಕೆ ಬರುವುದು. ಭಯಾನಕವು ವ್ಯಾಜದಿಂದಲೂ ಅಪರಾಧದಿಂದಲೂ ವಿತ್ರಾಸದಿಂದಲೂ ಮೂರು ಬಗೆಯಾಗಿ ಹುಟ್ಟುವುದೆಂದು ಆತನು ಹೇಳುವನು. ಸಾಮಾನ್ಯವಾದ ಭೂತಪ್ರೇತಗಳ ಚಿತ್ರವು ಮೂರನೆಯದನ್ನೇ ನೆಚ್ಚುವುದು: ಕತ್ತಲೆಯಿಂದ ಏನೋ ಹಾರಿ ಬರುವುದು, ಪ್ರೇಕ್ಷಕನು ಬೆಚ್ಚುವನು. ಫಿಷರನು ಆರಿಸಿಕೊಂಡುದು ಎರಡನೆಯದನ್ನು. ಗುರುವಿಗೂ ಅರಸಿಗೂ ಎಸಗಿದ ಅಪರಾಧವು ಭಯಕ್ಕೆ ವಿಭಾವವಾಗುವುದೆಂಬುದು ಶಾಸ್ತ್ರ. ಈ ಚಿತ್ರದಲ್ಲಿ ಬ್ಯಾರನನು ವೃದ್ಧ ವಿದ್ವಾಂಸನೊಬ್ಬನನ್ನು ಅತಿಥಿಯಾಗಿ ಮನೆಗೆ ಕರೆದು, ಅವನ ಮಿದುಳಿಗಾಗಿ ಅವನನ್ನು ಮೇಲಿನಿಂದ ತಳ್ಳಿ ಕೊಲ್ಲುವನು. ಬಾಲ್ಯದಲ್ಲಿ ತನಗೆ ಪಾಠ ಹೇಳಿದವನ ಮಾತನ್ನು ಮೀರುವನು. ಬ್ಯಾರನನು ಸ್ವತಃ ಎಲ್ಲಿಯೂ ನಡುಗುವುದಿಲ್ಲ. ನಡುಗತಕ್ಕವನು ನಡುಗದಿರುವುದರಿಂದಲೇ ಆ ನಡುಕವು ಪ್ರೇಕ್ಷಕನ ಪಾಲಿಗೆ ಬರುವುದು. ಇದು ಹಾರಿ ಬೀಳುವ ಬೆಚ್ಚುವಿಕೆಗಿಂತ ಆಳವಾದ ಭಯ.

1958ರ ‘ಡ್ರಾಕುಲ’ದಲ್ಲಿ ದಾರಿದ್ರ್ಯವೇ ಗುಣವಾಗಿ ಪರಿಣಮಿಸಿದ ರೀತಿಯನ್ನು ಕಾಣಬಹುದು. ಮೂಲ ಕಾದಂಬರಿಯಲ್ಲಿರುವ ಸಮುದ್ರಯಾನವನ್ನು ತೆಗೆಯುವುದಕ್ಕೆ ಹಣವಿಲ್ಲ. ಸ್ಯಾಂಗ್‌ಸ್ಟರನು ಕಥೆಯನ್ನೆಲ್ಲ ಕುದುರೆಗಾಡಿ ಹೋಗುವಷ್ಟು ದೂರದೊಳಗೆ ಅಡಗಿಸಿದನು. ರಕ್ತಪಿಪಾಸುವು ಬಾವಲಿಯಾಗಿಯೂ ತೋಳವಾಗಿಯೂ ಮಾರ್ಪಡುವುದನ್ನು ತೋರಿಸುವುದು ದುಸ್ಸಾಧ್ಯ. ಅದು ಜನರ ತಪ್ಪು ನಂಬಿಕೆಯೆಂದು ವಾನ್ ಹೆಲ್ಸಿಂಗನ ಬಾಯಿಂದಲೇ ಹೇಳಿಸಿಬಿಟ್ಟನು. ಲೀಯು ಆಡುವ ಮಾತುಗಳೆಲ್ಲ ಆರಂಭದ ಕೆಲವು ನಿಮಿಷಗಳಲ್ಲಿಯೇ ಮುಗಿದುಹೋಗುವುವು. ಆಮೇಲೆ ಅವನು ಮೌನದಿಂದಲೇ ಭಯಂಕರನು. ಬರ್ನಾರ್ಡನು ಆ ಹೆಸರಿನ ಮೂರು ಅಕ್ಷರಗಳನ್ನೇ ಮೂರು ಸ್ವರಗಳನ್ನಾಗಿ ಮಾಡಿ ವಾದ್ಯದಲ್ಲಿ ನುಡಿಸಿದನು. ಕೊನೆಯಲ್ಲಿ ವಾನ್ ಹೆಲ್ಸಿಂಗನು ಮೇಜಿನ ಮೇಲೆ ಓಡಿ, ತೆರೆಯನ್ನು ಹರಿದೆಳೆದು ಬೆಳಕನ್ನು ಒಳಗೆ ಬಿಟ್ಟು, ಎರಡು ದೀಪದ ಕಂಬಗಳನ್ನು ಶಿಲುಬೆಯಾಗಿ ಹಿಡಿಯುವನು. ಮೂಲದಲ್ಲಿ ಈ ಸೂರ್ಯದಹನವಿಲ್ಲ. ಒಂದು ಕೋಣೆ, ಒಂದು ಮೇಜು, ಒಂದು ತೆರೆ, ಎರಡು ಕಂಬಗಳು: ಇಷ್ಟರಿಂದಲೇ ನಿರ್ವಹಣಸಂಧಿಯು ಸಂಪೂರ್ಣವಾಯಿತು.

ಈ ಚಿತ್ರಗಳಲ್ಲಿ ರಕ್ತವು ಕೆಂಪಾಗಿ ಕಾಣಿಸಿತೆಂಬುದೇ ಅಂದಿನ ವಿಮರ್ಶಕರ ಮುಖ್ಯವಾದ ಆಕ್ಷೇಪ. 1931ರ ಚಿತ್ರಗಳು ಕಪ್ಪುಬಿಳುಪಿನವು, ಇವು ವರ್ಣಚಿತ್ರಗಳು. ‘ಅಬ್ಸರ್ವರ್’ ಪತ್ರಿಕೆಯ ಲೆಜೂನ್ ಮೊದಲಾದವರು ಜುಗುಪ್ಸೆಯಿಂದ ಖಂಡಿಸಿದರು. ಆದರೆ ಬೀಭತ್ಸದಿಂದ ಭಯಾನಕವು ಹುಟ್ಟುವುದೆಂಬ ಭರತನ ಮಾತನ್ನು ನೆನೆದವರು ಈ ಖಂಡನೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಆಶರನ ಚಿತ್ರಗಳಲ್ಲಿ ಕಂದುಬಣ್ಣದ ಶಾಂತವಾದ ಮನೆಯ ನಡುವೆ ಒಂದು ಕೆಂಪು ಬಿಂದುವು ಬೀಳುವುದು. ಅದನ್ನು ಕಂಡು ಜುಗುಪ್ಸೆಯು ಮೊಳೆಯುವಷ್ಟರಲ್ಲಿ ಕಥೆಯು ಮುಂದೆ ಸಾಗಿ ಅದನ್ನು ಭಯವಾಗಿ ತಿರುಗಿಸುವುದು. ಜನಕವಾದ ರಸವು ಜನ್ಯವಾದ ರಸಕ್ಕೆ ದಾರಿ ಬಿಟ್ಟು ಸರಿಯುವುದು. ಬ್ರಿಟಿಷ್ ಸೆನ್ಸಾರ್ ಮಂಡಲಿಯು ಕಥೆಗಳನ್ನು ಮುಂಚಿತವಾಗಿಯೇ ಓದಿ ಕತ್ತರಿ ಪ್ರಯೋಗಿಸುತ್ತಿದ್ದುದೂ ಈ ಮಿತಿಗೆ ಒಂದು ಹೊರಗಿನ ಕಾವಲಾಗಿದ್ದಿತು.

ಇನ್ನೊಂದು ಕಾರಣವೂ ಉಂಟು. ಅಭಿನವಗುಪ್ತನು ಭಯಾನಕದ ಆಸ್ವಾದವನ್ನು ವಿವರಿಸುವಾಗ ಶಾಕುಂತಲದ ಮೊದಲನೆಯ ಅಂಕದಲ್ಲಿ ಓಡುವ ಜಿಂಕೆಯನ್ನು ಉದಾಹರಿಸುವನು. ಆ ಜಿಂಕೆಗೆ ದೇಶಕಾಲಗಳ ವಿಶೇಷವಿಲ್ಲ. ಆದಕಾರಣ ಅದರ ಭಯವು ‘ನನ್ನದು’ ‘ಅವನದು’ ಎಂಬ ಕಟ್ಟಿಲ್ಲದೆ ಸಾಧಾರಣೀಕೃತವಾಗುವುದು. ಹ್ಯಾಮರ್ ಚಿತ್ರಗಳ ಮಧ್ಯಯೂರೋಪು ಅಂತಹದೇ ಒಂದು ದೇಶ. ಕುದುರೆಗಾಡಿ, ಊಟದ ಛತ್ರ, ಕೋಟೆ, ಮೌನವಾಗಿ ತಲೆ ತಗ್ಗಿಸುವ ಗ್ರಾಮಸ್ಥರು: ಇವುಗಳಿಂದಾದ ಆ ಲೋಕವನ್ನು ಯಾವ ಭೂಪಟದಲ್ಲಿಯೂ ಖಚಿತವಾಗಿ ಗುರುತಿಸಲಾಗುವುದಿಲ್ಲ. ರಾಬಿನ್‌ಸನ್ನನು ಅದೇ ಗೋಡೆಗಳನ್ನು ಬೇರೆ ಬೇರೆಯಾಗಿ ಅಲಂಕರಿಸಿ ಹಲವು ಚಿತ್ರಗಳಿಗೆ ಬಳಸಿದನು. 1966ರಲ್ಲಿ ತೆರೆ ಕಂಡ ‘ದಿ ಪ್ಲೇಗ್ ಆಫ್ ದಿ ಜೋಂಬೀಸ್’, ‘ದಿ ರೆಪ್ಟೈಲ್’ ಎಂಬೆರಡು ಚಿತ್ರಗಳನ್ನು ಒಂದೇ ಕೃತಕಗ್ರಾಮದಲ್ಲಿ ಒಂದರ ಹಿಂದೊಂದಾಗಿ ತೆಗೆದರು. ಉಳಿತಾಯಕ್ಕಾಗಿ ಮಾಡಿದ ಈ ಪುನರಾವೃತ್ತಿಯು ಪ್ರೇಕ್ಷಕನಿಗೆ ಕಥೆಯಿಂದ ಕಥೆಗೆ ಮುಂದುವರಿಯುವ ಒಂದೇ ಲೋಕವಾಗಿ ತೋರಿತು.

1966ರಲ್ಲಿ ಸಂಸ್ಥೆಯು ಬ್ರೇಯನ್ನು ಬಿಟ್ಟು ಎಲ್‌ಸ್ಟ್ರೀ, ಪೈನ್‌ವುಡ್ ಮುಂತಾದ ದೊಡ್ಡ ಚಿತ್ರಶಾಲೆಗಳಿಗೆ ಹೋಯಿತು. 1968ರಲ್ಲಿ ಕೈಗಾರಿಕೆಗಾಗಿ ಕೊಡುವ ರಾಣಿಯ ಪ್ರಶಸ್ತಿಯು ಅದಕ್ಕೆ ಸಂದಿತು. ಅಲ್ಲಿಂದ ಹತ್ತು ವರ್ಷ ದಾಟುವಷ್ಟರಲ್ಲಿ ಅದು ದಿವಾಳಿಯಾಯಿತು. 1970ರಲ್ಲಿ ‘ಎಕ್ಸ್’ ಪ್ರಮಾಣಪತ್ರದ ವಯೋಮಿತಿಯು ಹದಿನೆಂಟಕ್ಕೆ ಏರಿ ನಿರ್ಬಂಧವು ಸಡಿಲವಾಗಲು, ಆ ವರ್ಷದ ‘ದಿ ವ್ಯಾಂಪೈರ್ ಲವರ್ಸ್’ ಮತ್ತು ಅದರ ಸಂತತಿಯ ಚಿತ್ರಗಳಲ್ಲಿ ನಗ್ನತೆಯೂ, ‘ಸ್ಕಾರ್ಸ್ ಆಫ್ ಡ್ರಾಕುಲ’ದಲ್ಲಿ ರಕ್ತವೂ ಮುಂದಕ್ಕೆ ಬಂದುವು. 1972ರ ಚಿತ್ರವೊಂದರಲ್ಲಿ ಡ್ರಾಕುಲನು ಅಂದಿನ ಲಂಡನ್ನಿಗೇ ಬಂದನು. 1973ರಲ್ಲಿ ಸಿದ್ಧವಾದ ಮುಂದಿನದರಲ್ಲಿ ಗಗನಚುಂಬಿ ಕಟ್ಟಡದಲ್ಲಿ ಕುಳಿತ ಸಿರಿವಂತನಾದನು. ಆ ಚಿತ್ರವು ಅಮೆರಿಕದಲ್ಲಿ 1978ರವರೆಗೆ ಬಿಡುಗಡೆಯನ್ನೇ ಕಾಣಲಿಲ್ಲ. 1972ರಲ್ಲಿ ಜೇಮ್ಸ್ ಕರೇರಸನಿಂದ ಸಂಸ್ಥೆಯನ್ನು ಕೊಂಡ ಅವನ ಮಗ ಮೈಕೇಲನು 1979ರ ‘ದಿ ಲೇಡಿ ವ್ಯಾನಿಷಸ್’ ಎಂಬ ಚಿತ್ರದೊಡನೆ ಅದನ್ನು ಕಳೆದುಕೊಂಡನು.

ಈ ಪತನಕ್ಕೆ ಎರಡು ಕಾರಣಗಳನ್ನು ಹೇಳುವುದುಂಟು. ಕಾಲವು ಬದಲಾಯಿತೆಂಬುದು ಮೊದಲನೆಯ ಪಕ್ಷ: 1968ರ ‘ರೋಸ್‌ಮರೀಸ್ ಬೇಬಿ’ಯೂ 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರವೂ ಭಯವನ್ನು ಇಂದಿನ ಮನೆಯೊಳಗೆ ತಂದುವು, ಕೋಟೆಯ ಕಥೆಗಳು ಹಳತಾದುವು. ಅಮೆರಿಕದ ಹಣವು ನಿಂತಿತೆಂಬುದು ಎರಡನೆಯದು: ಅರುವತ್ತರ ದಶಕದ ಕೊನೆಗೆ ಅಮೆರಿಕದ ದೊಡ್ಡ ಸಂಸ್ಥೆಗಳು ಬ್ರಿಟನ್ನಿನ ಚಿತ್ರನಿರ್ಮಾಣದಿಂದ ಹಿಂದೆಗೆದುವು, ಅವುಗಳನ್ನೇ ನೆಚ್ಚಿದ್ದ ಹ್ಯಾಮರ್ ನಿಲ್ಲಲಾರದೆಹೋಯಿತು. ಎರಡನೆಯದು ದಿಟ, ಸಂಸ್ಥೆಯು ಯಾವಾಗ ಸತ್ತಿತೆಂಬುದನ್ನು ಅದು ಹೇಳುವುದು. ಆದರೆ ಚಿತ್ರಗಳು ಏಕೆ ನಿಸ್ಸಾರವಾದುವೆಂಬುದನ್ನು ಅದು ಹೇಳಲಾರದು. ಹಣದ ಕೊರತೆಯು 1957ರಲ್ಲಿಯೂ ಇದ್ದಿತಷ್ಟೆ.

ಮೊದಲನೆಯ ಪಕ್ಷವೂ ಪೂರ್ಣವಾಗಿ ನಿಲ್ಲುವುದಿಲ್ಲ. ವರ್ತಮಾನಕಾಲವು ಭಯಾನಕಕ್ಕೆ ವಿರೋಧಿಯಾಗಿದ್ದರೆ ಆ ಅಮೆರಿಕನ್ ಚಿತ್ರಗಳೂ ಸೋಲಬೇಕಾಗಿದ್ದಿತು. ಅವುಗಳಲ್ಲಿ ವಿಭಾವವು ನಗರದ ಮನೆಯೊಳಗಿಂದಲೇ, ಅಲ್ಲಿಯ ಅವಿಶ್ವಾಸದಿಂದಲೇ ಹುಟ್ಟಿತು. ಹ್ಯಾಮರ್‌ನವರು ಹಳೆಯ ವಿಭಾವವನ್ನು ಬೇರುಸಹಿತ ಕಿತ್ತು ತಂದು ಹೊಸ ಬೀದಿಯಲ್ಲಿ ನೆಟ್ಟರು. ಡ್ರಾಕುಲನು ಬಂದನು, ಅವನ ಲೋಕವು ಬರಲಿಲ್ಲ. ಅನೌಚಿತ್ಯವನ್ನುಳಿದು ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬ ಆನಂದವರ್ಧನನ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷ್ಯವು ದುರ್ಲಭ. ಅನೌಚಿತ್ಯದ ಮೊದಲ ಮೊಳಕೆಯು 1969ರಲ್ಲಿಯೇ ಕಾಣಿಸಿತು. ಫಿಷರನ ‘ಫ್ರಾಂಕನ್‌ಸ್ಟೈನ್ ಮಸ್ಟ್ ಬಿ ಡಿಸ್ಟ್ರಾಯ್ಡ್’ ಎಂಬ ಚಿತ್ರದಲ್ಲಿ, ನಟರ ಅಸಮ್ಮತಿಯನ್ನು ಲೆಕ್ಕಿಸದೆ, ಸಂಸ್ಥೆಯ ಒಡೆಯರು ಬಲಾತ್ಕಾರದ ದೃಶ್ಯವೊಂದನ್ನು ಸೇರಿಸಿದರು. ಅದರ ಹಿಂದೆಯೂ ಮುಂದೆಯೂ ಕಥೆಗೆ ಅದರ ಅಪೇಕ್ಷೆಯಿಲ್ಲ. ಬ್ಯಾರನನ ಅಪರಾಧವು ಜ್ಞಾನದ ಮದದಿಂದ ಆದುದು. ಈ ದೃಶ್ಯವು ಅವನನ್ನು ಸಾಮಾನ್ಯ ದುಷ್ಟನನ್ನಾಗಿ ಮಾಡಿತು. ಬೀಭತ್ಸವು ಭಯಾನಕಕ್ಕೆ ದಾರಿ ಬಿಡದೆ ತಾನೇ ನಿಂತಿತು.

ಬ್ರೇಯ ಮನೆಯನ್ನು ಬಿಟ್ಟುದೇ ಕೇಡಿಗೆ ಮೂಲವೆಂದು ಕೆಲವರು ಭಾವಿಸಬಹುದು. ಆದರೆ 1967ರ ‘ಕ್ವೇಟರ್‌ಮಾಸ್ ಅಂಡ್ ದಿ ಪಿಟ್’, 1968ರ ‘ದಿ ಡೆವಿಲ್ ರೈಡ್ಸ್ ಔಟ್’ ಎಂಬ ಉತ್ತಮ ಚಿತ್ರಗಳು ಬ್ರೇಯನ್ನು ಬಿಟ್ಟ ಮೇಲೆ ಆದುವು. ಅವುಗಳಲ್ಲಿ ರಾಬಿನ್‌ಸನ್ನನ ಕೈಯಿದ್ದಿತು. ಆತನು 1970ರಲ್ಲಿ ತೀರಿಕೊಂಡನು. ಆಂಥೊನಿ ಹೈಂಡ್ಸನೂ ಅದೇ ಸುಮಾರಿನಲ್ಲಿ ಸಂಸ್ಥೆಯನ್ನು ಬಿಟ್ಟನು. ಮನೆಗಿಂತ ಮನೆಯವರು ಮುಖ್ಯರೆಂದು ಇದರಿಂದ ತಿಳಿಯುವುದು. ಔಚಿತ್ಯವು ಒಂದೇ ಕೃತಿಯ ಗುಣವಾಗಿ ಶಾಸ್ತ್ರದಲ್ಲಿ ಹೇಳಲ್ಪಟ್ಟಿದೆ. ಬಹುಜನಸಾಧ್ಯವಾದ ಚಿತ್ರಕಲೆಯಲ್ಲಿ ಅದು ಗೋಷ್ಠಿಯೊಂದರ ಅಭ್ಯಾಸದಲ್ಲಿ ನೆಲೆಸಿರುವುದು. ಆ ಗೋಷ್ಠಿಯು ಚದುರಿದ ಮೇಲೆ ಕೋರೆಹಲ್ಲು, ರಕ್ತ, ಕೋಟೆ ಎಂಬ ವಿಭಾವಗಳು ಮಾತ್ರ ಉಳಿದುವು. ಅವುಗಳನ್ನು ಎಲ್ಲಿ ತೋರಿಸಬೇಕು, ಎಲ್ಲಿ ಮರೆಸಬೇಕು ಎಂದು ತಿಳಿದವರು ಉಳಿಯಲಿಲ್ಲ.

1974ರಲ್ಲಿ ಹೊರಬಂದ ಫಿಷರನ ಕೊನೆಯ ಚಿತ್ರವು ಇದಕ್ಕೆ ಅಪವಾದವೆನಿಸಿದರೂ ಸಿದ್ಧಾಂತವನ್ನೇ ಬಲಪಡಿಸುವುದು. ಅದರಲ್ಲಿ ವೃದ್ಧನಾದ ಬ್ಯಾರನನು ಹುಚ್ಚಾಸ್ಪತ್ರೆಯೊಂದರಲ್ಲಿ ಅಡಗಿ ತನ್ನ ಪ್ರಯೋಗವನ್ನು ನಡೆಸುವನು. ಹಣವು ಹಿಂದಿನಂತೆಯೇ ಸ್ವಲ್ಪ, ರಂಗವು ಬಡವಾದುದು. ಆದರೂ ಭಯವಿದೆ, ಏಕೆಂದರೆ ಅಪರಾಧವಿದೆ. ಅದನ್ನು ಬಲ್ಲ ನಿರ್ದೇಶಕನೂ ನಟನೂ ಇದ್ದಾರೆ. ಸೃಷ್ಟಿಯು ಛಿದ್ರವಾಗಿ ಹೋದ ಮೇಲೆ ಬ್ಯಾರನನು ಪ್ರಯೋಗಶಾಲೆಯ ಒಡೆದ ಗಾಜನ್ನು ಗುಡಿಸುತ್ತ ಮುಂದಿನದನ್ನು ಯೋಚಿಸುವನು. ಹ್ಯಾಮರ್ ಎಂಬ ಹೆಸರು 1980ರಲ್ಲಿ ದೂರದರ್ಶನದ ಹದಿಮೂರು ಕಥೆಗಳಲ್ಲಿ ಬಂದಿತು. 2007ರಲ್ಲಿ ಬೇರೆಯವರ ಕೈಯಲ್ಲಿ ಪುನಃ ಎದ್ದು, 2012ರ ‘ದಿ ವುಮನ್ ಇನ್ ಬ್ಲ್ಯಾಕ್’ ಎಂಬ ಚಿತ್ರದಿಂದ ಜಯವನ್ನೂ ಪಡೆಯಿತು. ಹೆಸರನ್ನು ಕೊಂಡುಕೊಳ್ಳಬಹುದು, ಗೋಷ್ಠಿಯನ್ನು ಕೊಂಡುಕೊಳ್ಳಲಾಗದು. ಭಯಾನಕವು ಅಂಗಿಯಾಗಿ ನಿಲ್ಲಬಲ್ಲುದೆ ಎಂಬ ಮೊದಲಿನ ಪ್ರಶ್ನೆಗೆ ಈ ಚಿತ್ರಗಳಿಂದ ದೊರೆಯುವ ಉತ್ತರವು, ಅಪರಾಧವು ಮೂಲವಾಗಿರುವವರೆಗೂ ನಿಲ್ಲಬಲ್ಲುದೆಂಬುದೇ. ವಿತ್ರಾಸವೊಂದನ್ನೇ ನೆಚ್ಚಿದಲ್ಲಿ ಅದು ಸವೆಯುವುದು.