ಪೊಳ್ಳು ಮರದ ಪರೀಕ್ಷೆ

ಉಡುಪಿ, ಕಾಪು, ಕಾರ್ಕಳಗಳ ನಾಗಬನಗಳಲ್ಲಿ ಕೊಡಲಿ ತಾಗಿಸಬಾರದೆಂಬ ಕಟ್ಟಳೆಯಿರುವುದರಿಂದ ಅಲ್ಲಿನ ಮರಗಳಿಗೆ ಮುಪ್ಪನ್ನು ಕಾಣುವ ಭಾಗ್ಯವಿದೆ. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಮುಪ್ಪೆಂದರೆ ಬಹುಮಟ್ಟಿಗೆ ಶಿಲೀಂಧ್ರದೊಡನೆ ಸಹವಾಸವೇ. ಮುರಿದ ಕೊಂಬೆಯ ಗಾಯದಿಂದಲೋ, ಚರಂಡಿಗಾಗಿ ಕಡಿದ ಬೇರಿನಿಂದಲೋ ಒಳಹೊಕ್ಕ ಶಿಲೀಂಧ್ರವು ಚೇಗನ್ನು, ಅಂದರೆ ನೀರು ಸಾಗಿಸುವ ಕೆಲಸ ಮುಗಿಸಿ ಕಾಂಡದ ನಡುವೆ ಉಳಿದ ಹಳೆಯ ಮರವನ್ನು, ವರ್ಷಗಟ್ಟಲೆ ತಿನ್ನುತ್ತದೆ. ಅಡಿಕೆ ತೋಟದವರು ‘ಅಣಬೆ ರೋಗ’ ಎಂದು ಗುರುತಿಸುವ ಗ್ಯಾನೊಡರ್ಮಾದ ಬಳಗವೇ ದೊಡ್ಡ ಮರಗಳ ಬುಡದಲ್ಲೂ ಅರಗು ಬಳಿದಂತೆ ಹೊಳೆಯುವ, ಅಂಚು ಬೆಳ್ಳಗಿರುವ ಅಣಬೆಯಾಗಿ ಮೂಡುತ್ತದೆ; ಅದು ಕಾಣಿಸುವ ಹೊತ್ತಿಗೆ ಒಳಗಿನ ಕೊಳೆತ ಬಹಳ ಮುಂದುವರಿದಿರುವುದರಿಂದ ಅಣಬೆಯನ್ನು ಕಿತ್ತೆಸೆದು ಸಮಾಧಾನಪಡುವುದು ವ್ಯರ್ಥ.

ಬಲ್ಲವರು ಮರದ ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ, ಗಟ್ಟಿ ಸದ್ದು ಟೊಳ್ಳಾಗುವ ಎಡೆಯನ್ನು ಗುರುತಿಸುತ್ತಾರೆ. ಮರವು ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಅದರ ಸುತ್ತ ತಡೆಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ವಿವರಿಸಿದ ಮೇಲೆ, ಪೊಟರೆಯನ್ನು ಹಸಿಮರದವರೆಗೆ ಕೆತ್ತಿ ಸಿಮೆಂಟು ತುಂಬುವ ಹಳೆಯ ಪದ್ಧತಿ ಆ ಗೋಡೆಯನ್ನೇ ಒಡೆಯುತ್ತದೆಂಬುದು ಸ್ಪಷ್ಟವಾಯಿತು. ಭಕ್ತಿಯಿಂದಲೇ ಆದರೂ ಬುಡಕ್ಕೆ ಮಣ್ಣೇರಿಸಿ ಕಟ್ಟೆ ಕಟ್ಟುವುದೂ ಅಷ್ಟೇ ಹಾನಿಕರ. ಕಾಂಡದ ಹೊರವಲಯ ಸಾಕಷ್ಟು ದಪ್ಪವಾಗಿ ಗಟ್ಟಿಯಿದ್ದರೆ, ಮುಂಗಾರಿಗೆ ಮುನ್ನ ಕೊಂಬೆಯ ಬುಡದ ಉಬ್ಬನ್ನು ಉಳಿಸಿ ಭಾರದ ತುದಿಗಳನ್ನಷ್ಟೇ ಸವರಿ, ಪೊಳ್ಳನ್ನು ಗೂಬೆ, ಗಿಳಿಗಳಿಗೆ ಬಿಟ್ಟುಕೊಡುವುದೇ ಸರಿಯಾದ ಚಿಕಿತ್ಸೆ.